ಅಂಚು ಮುಟ್ಟಿದ ಕಂದು

ಹಳೆಯ ಟ್ರಂಕಿನ ಮೂಲೆಯಲ್ಲಿ ಒಂದು ಪುಟ್ಟ ಸೀಸೆ ಸಿಕ್ಕಿತು. ಒಳಗೆ ಏನೂ ಇರಲಿಲ್ಲ. ತಳದಲ್ಲಿ ಒಣಗಿ ಹಿಡಿದ ಒಂದು ಕಪ್ಪು ಕಲೆ, ಅಷ್ಟೇ. ಬಿಸಾಡುವ ಮೊದಲು ತೊಳೆಯುವ ಎಂದು ನಳ್ಳಿಯ ಕೆಳಗೆ ಹಿಡಿದೆ. ನೀರು ಬಿದ್ದದ್ದೇ ತಡ, ನನ್ನ ಕೈ, ಬಚ್ಚಲಿನ ಬಿಳಿ ಟೈಲ್ಸು, ಪಂಚೆಯ ಅಂಚು, ಎಲ್ಲ ನೇರಳೆ. ಜೆಂಶನ್ ವಯಲೆಟ್. ಹುಣ್ಣಿಗೆ ಹಚ್ಚುವ ಮದ್ದು. ಈಗಿನವರು ಅದನ್ನು ನೋಡಿರಲಿಕ್ಕಿಲ್ಲ. ಹೆಂಡತಿ ಬಾಗಿಲಲ್ಲಿ ನಿಂತು, "ಇಷ್ಟು ವರ್ಷದ ಮದ್ದು ಇಟ್ಟುಕೊಂಡು ಯಾರಿಗೆ ಹಚ್ಚಲಿಕ್ಕುಂಟು ನಿಮಗೆ?" ಎಂದು ಕೇಳಿದಳು. ನಾನು ಟೈಲ್ಸ್ ಉಜ್ಜುತ್ತಾ ಕುಳಿತೆ.

ಹಚ್ಚಿದ್ದು ಯಾರಿಗೆ ಎಂದು ನನಗೆ ಗೊತ್ತಿತ್ತು.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಕಾಪುವಿನ ಒಂದು ಸಣ್ಣ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಡಾಕ್ಟರು ಉಡುಪಿಯಿಂದ ವಾರಕ್ಕೆ ಮೂರು ದಿನ ಬರುತ್ತಿದ್ದರು. ಉಳಿದ ದಿನಗಳಲ್ಲಿ ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಬಾಟಲಿಗೆ ಮಿಕ್ಸ್ಚರ್ ತುಂಬಿಸುವುದು, ಎಲ್ಲ ನಾನೇ. ಬೆಳ್ಮಣ್ಣಿನ ಕಡೆಯ ಒಬ್ಬ ಇಪ್ಪತ್ತಾರು ವರ್ಷದ ಮನುಷ್ಯನನ್ನು ಜನ 'ಡಾಕ್ಟ್ರೇ' ಎಂದು ಕರೆಯುತ್ತಿದ್ದರು. ನಾನು ತಿದ್ದುತ್ತಿರಲಿಲ್ಲ. ಕೇಳಲಿಕ್ಕೆ ಚೆಂದ ಇತ್ತು.

ದವಾಖಾನೆಯ ಹಿಂದೆಯೇ ನನ್ನ ಬಾಡಿಗೆ ಕೋಣೆ. ಅದರ ಪಕ್ಕದ ಮನೆ ಹಡಗಿನ ಸಾಹೇಬರದ್ದು. ಊರಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು ಹಾಗೆಯೇ. ಕರಾವಳಿಯ ಬ್ಯಾರಿ ಮುಸಲ್ಮಾನರ ಮನೆತನದವರು. ಮೂವತ್ತು ವರ್ಷ ಬೊಂಬಾಯಿಯಿಂದ ಹೊರಡುವ ಹಡಗುಗಳಲ್ಲಿ ದುಡಿದು, ಅರುವತ್ತು ದಾಟಿದ ಮೇಲೆ ಊರಿಗೆ ಬಂದು ಕುಳಿತಿದ್ದರು. ಹೆಂಡತಿ ತೀರಿಹೋಗಿದ್ದರು. ಮಗಳು ಜೊತೆಗಿದ್ದಳು, ಅವಳ ಗಂಡ ಗಲ್ಫಿನಲ್ಲಿದ್ದ. ಮನೆಯಲ್ಲಿ ಬ್ಯಾರಿ ಮಾತು, ಪೇಟೆಯಲ್ಲಿ ತುಳು. ಆದರೆ ನನ್ನ ಹತ್ತಿರ ಮಾತ್ರ ಕನ್ನಡ. ಮದ್ದಿನವರ ಹತ್ತಿರ ಕನ್ನಡದಲ್ಲಿ ಮಾತಾಡಬೇಕು ಎಂಬುದು ಅವರ ಹಟ. "ನಾನೂ ತುಳುವಿನವನೇ ಸಾಹೇಬರೇ" ಎಂದರೆ, "ಇರಬಹುದು, ಆದರೆ ನಿಮ್ಮ ಬಾಟಲಿ ತುಳುವಿನದ್ದಲ್ಲವಲ್ಲ" ಎನ್ನುತ್ತಿದ್ದರು.

ಅವರು ಮಣ್ಣಿನ ಪೈಪು ಸೇದುತ್ತಿದ್ದರು. ಬೀಡಿಯ ಊರಿನಲ್ಲಿ ಅದೊಂದು ತಮಾಷೆ. ಸುಣ್ಣದಷ್ಟು ಬಿಳಿ ಮಣ್ಣಿನ ಪೈಪು, ಹೆಬ್ಬೆರಳ ತುದಿ ಹಿಡಿಸುವಷ್ಟು ಸಣ್ಣ ಬಟ್ಟಲು, ಗೇಣುದ್ದದ ತೆಳ್ಳಗಿನ ಕೊಳವೆ. ಹಡಗಿನ ಎಂಜಿನ್ ಕೋಣೆಯಲ್ಲಿದ್ದ ಒಬ್ಬ ಮುದುಕ ಬಿಳಿಯ, ಕೆಲಸ ಬಿಟ್ಟು ಹೋಗುವಾಗ ಒಂದು ಪೆಟ್ಟಿಗೆ ಪೈಪು ಇವರಿಗೆ ಕೊಟ್ಟನಂತೆ. ಮರದ ಹುಡಿಯಲ್ಲಿ ಹುದುಗಿಸಿಟ್ಟ ಹನ್ನೆರಡು ಪೈಪು. ಕೊಡುವಾಗ ಒಂದು ಮಾತನ್ನೂ ಹೇಳಿದನಂತೆ. ಇದರಲ್ಲಿ ಒಂದನ್ನಾದರೂ ಒಡೆಯದೆ, ಸೇದಿ ಸೇದಿ, ತಳದಿಂದ ಅಂಚಿನವರೆಗೆ ಕಂದು ಮಾಡಿದರೆ ನೀನು ಗಂಡಸು, ನನ್ನಿಂದ ಆಗಲಿಲ್ಲ ಅಂತ.

ಆ ಕೆಲಸ ಏನೆಂದು ನನಗೆ ಗೊತ್ತಾದದ್ದು ಅವರ ಜಗಲಿಯಲ್ಲಿ ಕುಳಿತು. ಹಸಿ ಮಣ್ಣನ್ನು ಸುಟ್ಟದ್ದು ಬಿಟ್ಟರೆ ಪೈಪಿಗೆ ಮೆರುಗು ಗಿರುಗು ಏನೂ ಇಲ್ಲ. ಹೊಗೆಸೊಪ್ಪಿನ ಎಣ್ಣೆಯನ್ನು ಅದು ಕುಡಿಯುತ್ತಾ ಹೋಗುತ್ತದೆ. ಮೊದಲು ಬಟ್ಟಲಿನ ತಳದಲ್ಲಿ ಹಳದಿ ನೆರಳು ಕಾಣುತ್ತದೆ. ಆಮೇಲೆ ಚಹಾದ ಬಣ್ಣ. ತಿಂಗಳುಗಳು ಕಳೆದ ಮೇಲೆ ಹಳೆಯ ಹಲಸಿನ ಮಣೆಯ ಬಣ್ಣ. ಅದು ಮೇಲಕ್ಕೆ ಏರಬೇಕಾದರೆ ಮೆಲ್ಲ ಸೇದಬೇಕು. ರಪರಪ ಎಳೆದರೆ ಬಟ್ಟಲು ಸುಟ್ಟು ಕಪ್ಪಾಗುತ್ತದೆ, ಕಂದು ಆಗುವುದಿಲ್ಲ. ಬಿಸಿ ಇರುವಾಗ ಬಟ್ಟಲನ್ನು ಬೆರಳಿನಿಂದ ಮುಟ್ಟಬಾರದು, ಮುಟ್ಟಿದರೆ ಅಲ್ಲಿ ಕಲೆ. ಗಾಳಿಗೆ ಮುಖ ಮಾಡಿ ಕೂರಬಾರದು, ಗಾಳಿ ಹೊಡೆದ ಬದಿ ಬಿಳಿಯಾಗಿಯೇ ಉಳಿಯುತ್ತದೆ. ಹಾಗಾಗಿ ಕಡಲಿನ ಊರಿನಲ್ಲಿದ್ದು ಸಾಹೇಬರು ಯಾವಾಗಲೂ ಕಡಲಿಗೆ ಬೆನ್ನು ಹಾಕಿ ಕೂರುತ್ತಿದ್ದರು. "ಮೂವತ್ತು ವರ್ಷ ನೋಡಿ ಆಯ್ತು ಅದನ್ನು" ಎನ್ನುತ್ತಿದ್ದರು.

ಸೇದಿ ಮುಗಿದ ಮೇಲೆ ಬೂದಿ ಕೊಡವಿ, ಪೈಪು ತಣಿಯುವವರೆಗೆ ಕಾಯುತ್ತಿದ್ದರು. ಆಮೇಲೆ ಹಿಡಿಸೂಡಿಯ ತೆಂಗಿನ ಕಡ್ಡಿಯನ್ನು ಕೊಳವೆಗೆ ತೂರಿಸಿ ಎಳೆಯುವುದು, ಕೋಳಿಯ ಪುಕ್ಕದಿಂದ ಬಟ್ಟಲಿನ ಒಳಗನ್ನು ಒರೆಸುವುದು. ಕೊನೆಗೆ ಹಳೆಯ ಮಲ್ ಬಟ್ಟೆಯಿಂದ ಹೊರಗನ್ನು ತಿಕ್ಕುವುದು. ನೀರು ಮುಟ್ಟಿಸುವ ಹಾಗಿಲ್ಲ. ನಾನು ಒಮ್ಮೆ, "ಬೇಗ ಬೇಗ ಸೇದಿದರೆ ಎರಡು ತಿಂಗಳಲ್ಲಿ ಆಗುವುದಿಲ್ವಾ?" ಎಂದು ಕೇಳಿದ್ದಕ್ಕೆ, "ಆತುರಗಾರನಿಗೆ ಬುದ್ಧಿ ಮಟ್ಟ ಅಂತ ನಿಮ್ಮ ಶಾಲೆಯಲ್ಲಿ ಹೇಳಿಕೊಡಲಿಲ್ವಾ ಕಂಪೌಂಡರೇ?" ಎಂದರು.

ಹನ್ನೆರಡರಲ್ಲಿ ಹತ್ತು ಒಡೆದುಹೋಗಿತ್ತು. ಒಂದು ಬಾವಿಗೆ ಬಗ್ಗಿ ನೋಡುವಾಗ ಜೇಬಿನಿಂದ ಬಿತ್ತು. ಇನ್ನೊಂದನ್ನು ಮಳೆಗಾಲದಲ್ಲಿ ಬಿಸಿ ಬಿಸಿ ಇರುವಾಗಲೇ ಜಗಲಿಯ ಕಲ್ಲಿನ ಮೇಲೆ ಇಟ್ಟರು, ಟಕ್ ಎಂದು ಸೀಳಿತು. ಹನ್ನೊಂದನೆಯದ್ದು ಎಲ್ಲಕ್ಕಿಂತ ಚೆನ್ನಾಗಿ ಬಣ್ಣ ಹಿಡಿದಿತ್ತಂತೆ. ಅಂಚಿಗೆ ಅರ್ಧ ಬೆರಳು ಬಾಕಿ. ಒಂದು ದಿನ ಅವರು ಉಡುಪಿಗೆ ಹೋಗಿದ್ದಾಗ, ಮಗಳು ಮನೆ ಗುಡಿಸಿ ಒರೆಸುವಾಗ ಕಿಟಿಕಿಯಲ್ಲಿದ್ದ ಆ ಪೈಪನ್ನು ಕಂಡಳು. ಪಾಪ, ಬಾಪನ ಪೈಪು ಎಷ್ಟು ಕೊಳೆಯಾಗಿದೆ ಅನ್ನಿಸಿತು ಅವಳಿಗೆ. ಮಣ್ಣಿನ ಮಡಕೆಗೆ ಜಿಡ್ಡು ಹಿಡಿದರೆ ಏನು ಮಾಡುತ್ತೇವೆ? ಕೆಂಡಕ್ಕೆ ಹಾಕುತ್ತೇವೆ. ತೆಂಗಿನ ಗೆರಟೆಯ ಕೆಂಡದಲ್ಲಿ ಪೈಪನ್ನು ಹೂತಿಟ್ಟಳು. ಜಿಡ್ಡೆಲ್ಲ ಉರಿದು, ಪೈಪು ಪೆಟ್ಟಿಗೆಯಿಂದ ಈಗ ತೆಗೆದ ಹಾಗೆ ಬೆಳ್ಳಗೆ ಹೊರಗೆ ಬಂತು. ಅವಳು ಅದನ್ನು ಒರೆಸಿ, ತಂದೆ ಬಂದ ಕೂಡಲೇ ಕೈಯಲ್ಲಿ ಕೊಟ್ಟಳು.

ಸಾಹೇಬರು ಬೈಯಲಿಲ್ಲವಂತೆ. ಬಿಳಿ ಪೈಪನ್ನು ತಿರುಗಿಸಿ ತಿರುಗಿಸಿ ನೋಡಿ, "ಚೆಂದ ಆಗಿದೆ" ಎಂದರಂತೆ. ರಾತ್ರಿಯ ಊಟ ಮಾತ್ರ ಮಾಡಲಿಲ್ಲ. ವಿಷಯ ಅವಳಿಗೆ ಮರುದಿನ ತಿಳಿಯಿತು. ಅತ್ತಳು. ಆಗ ಅವರು ಅವಳಿಗೆ ಒಂದು ಮಾತು ಕೊಟ್ಟರು. ಇನ್ನೊಂದು ಉಂಟು ಪೆಟ್ಟಿಗೆಯಲ್ಲಿ. ಅದರ ಬಣ್ಣ ಅಂಚು ಮುಟ್ಟಿದ ದಿನ ನಾನು ತಂಬಾಕು ಬಿಡುತ್ತೇನೆ, ಆಮೇಲೆ ಮುಟ್ಟುವುದಿಲ್ಲ. ಕೆಂಡಕ್ಕೆ ಹಾಕಿದ್ದು ಒಡೆದೂ ಹೋಯಿತು, ಆ ವಾರವೇ.

ನಾನು ಕಾಪುವಿಗೆ ಬಂದಾಗ ಹನ್ನೆರಡನೆಯ ಪೈಪು ಅರ್ಧ ಏರಿತ್ತು.

ಮಣ್ಣಿನ ಕೊಳವೆಗೆ ಒಂದು ಕೆಟ್ಟ ಚಾಳಿ ಉಂಟು. ಒಣ ಮಣ್ಣಲ್ಲವೇ, ತುಟಿಯ ತೇವವನ್ನು ಹೀರಿ ಅಂಟಿಕೊಳ್ಳುತ್ತದೆ. ತೆಗೆಯುವಾಗ ತುಟಿಯ ಸಿಪ್ಪೆ ಕಿತ್ತುಕೊಂಡು ಬರುತ್ತದೆ. ಸಾಹೇಬರು ಯಾವಾಗಲೂ ಕೆಳತುಟಿಯ ಬಲಮೂಲೆಯಲ್ಲೇ ಪೈಪು ಇಡುತ್ತಿದ್ದರು. ಅಲ್ಲೊಂದು ಸಣ್ಣ ಹುಣ್ಣು ಎದ್ದಿತು. ಒಂದು ಮಂಗಳವಾರ, ಡಾಕ್ಟರು ಇಲ್ಲದ ದಿನ, ಬಂದು ತೋರಿಸಿದರು. ನಾನು ತೊಳೆದು ಜೆಂಶನ್ ವಯಲೆಟ್ ಹಚ್ಚಿದೆ. ಕೊಳವೆಯ ತುದಿಗೆ ನೂಲು ಸುತ್ತಿ, ಮೇಣ ಹಚ್ಚಿ ಕೊಟ್ಟೆ, ತುಟಿಗೆ ಅಂಟದ ಹಾಗೆ. ಅವರಿಗೆ ಬಹಳ ಖುಷಿಯಾಯಿತು. "ನೀವು ಹಡಗಿನಲ್ಲಿ ಇರಬೇಕಿತ್ತು ಮಾರಾಯ್ರೆ" ಎಂದರು.

ಹುಣ್ಣು ಒಣಗಿದ ಹಾಗೆ ಕಂಡಿತು. ಮತ್ತೆ ಎದ್ದಿತು. ಮತ್ತೆ ಹಚ್ಚಿದೆ. ಮಗಳು ಕೇಳಿದರೆ, ಪೈಪು ಸಿಪ್ಪೆ ಕಿತ್ತದ್ದು, ಅದಕ್ಕೆ ಬಣ್ಣ ಎನ್ನುತ್ತಿದ್ದರಂತೆ. ಅವರು ಬರುವುದು ಯಾವಾಗಲೂ ಮಂಗಳವಾರ ಅಥವಾ ಗುರುವಾರ. ಡಾಕ್ಟರಿಗೆ ತೋರಿಸುವ ಎಂದು ನಾನು ಎರಡು ಸಲ ಹೇಳಿದ್ದೇನೆ, ಸುಳ್ಳು ಹೇಳುವುದಿಲ್ಲ. ಅವರು ಪೈಪನ್ನು ನನ್ನ ಮುಂದೆ ಹಿಡಿದು, ಬೆರಳಿನಿಂದ ಅಳೆದು, "ಡಾಕ್ಟ್ರು ನೋಡಿದ್ರೆ ಇವತ್ತೇ ಬಿಡಿಸ್ತಾರೆ. ಇನ್ನೆಷ್ಟು ಬಾಕಿ ಉಂಟು ನೋಡಿ. ಅಂಚಿಗೆ ಬರಲಿ, ಆಮೇಲೆ ತೋರಿಸುವ. ನೋವು ಎಂತದ್ದೂ ಇಲ್ಲ ನನಗೆ" ಎಂದರು.

ನೋವು ಇಲ್ಲ ಎಂಬುದು ನನಗೆ ಒಳ್ಳೆಯ ಸುದ್ದಿಯಾಗಿ ಕೇಳಿಸಿತು. ಕೇಳಿಸಬಾರದಿತ್ತು. ಹಿಂದಿನ ವರ್ಷವೇ, ಎಲೆಯಡಿಕೆ ಹೊಗೆಸೊಪ್ಪು ಹಾಕುವ ಒಬ್ಬ ಹೆಂಗಸಿನ ಬಾಯಿ ನೋಡಿ ಡಾಕ್ಟರು ನನಗೆ ಹೇಳಿದ್ದರು. ಬಾಯಿಯಲ್ಲಿ, ತುಟಿಯಲ್ಲಿ ಆಗುವ ಹುಣ್ಣು ಮೂರು ವಾರದಲ್ಲಿ ಮಾಯದಿದ್ದರೆ ನನಗೆ ತೋರಿಸು. ನೋವಿಲ್ಲ ಎಂದರೆ ಖಂಡಿತ ತೋರಿಸು. ನನ್ನ ಎರಡು ಕಿವಿಯಿಂದಲೂ ಕೇಳಿದ್ದೆ.

ಆಮೇಲೆ ಉಪವಾಸದ ತಿಂಗಳು ಬಂತು. ಸಾಹೇಬರು ಕಟ್ಟುನಿಟ್ಟಿನವರು. ಬೆಳಗಿನ ಜಾವದಿಂದ ಸೂರ್ಯ ಮುಳುಗುವವರೆಗೆ ನೀರಿಲ್ಲ, ಪೈಪಿಲ್ಲ. ಸಂಜೆ ಉಪವಾಸ ಬಿಟ್ಟ ಮೇಲೆ ಒಂದೇ ಒಂದು ಸಲ ತುಂಬಿಸಿ ಸೇದುವುದು. ಇದು ಒಳ್ಳೆಯದಾಯಿತು, ಹಗಲಿಡೀ ತುಟಿಗೆ ಪೈಪು ತಾಗುವುದಿಲ್ಲ, ಹುಣ್ಣು ಮಾಯುತ್ತದೆ ಎಂದುಕೊಂಡೆ. ಒಂದು ವಾರ ಕಳೆಯಿತು. ಎರಡು ವಾರ. ತಿಂಗಳ ಕೊನೆಗೆ ಹತ್ತಿಯಿಂದ ನೇರಳೆ ಬಣ್ಣ ಒರೆಸಿ ನೋಡಿದೆ. ಹುಣ್ಣು ದೊಡ್ಡದಾಗಿತ್ತು. ಅಂಚು ದಪ್ಪವಾಗಿ ಎದ್ದು ನಿಂತಿತ್ತು. ಬೆರಳಿನಿಂದ ಒತ್ತಿದೆ, ಗಟ್ಟಿ. "ನೋವುಂಟಾ?" ಕೇಳಿದೆ. "ಎಂತದ್ದೂ ಇಲ್ಲ, ಅಲ್ಲಿ ತುಟಿಯೇ ಇಲ್ಲದ ಹಾಗೆ" ಎಂದರು.

ನನಗೆ ಆಗ ಗೊತ್ತಾಯಿತು. ಇದನ್ನು ಇಷ್ಟು ವರ್ಷ ಬೇರೆ ಬೇರೆ ರೀತಿಯಲ್ಲಿ ನನಗೇ ಹೇಳಿಕೊಂಡಿದ್ದೇನೆ. ಸಂಶಯ ಬಂತು, ಅಂದಾಜು ಆಯಿತು, ಹಾಗೆ ಹೀಗೆ... ಅಲ್ಲ. ಗೊತ್ತಾಯಿತು. ಗೊತ್ತಾದ ಮೇಲೆ ನಾನು ಸೀಸೆಯ ಮುಚ್ಚಳ ತೆಗೆದು ಅದರ ಮೇಲೆ ಮತ್ತೆ ನೇರಳೆ ಬಣ್ಣ ಹಚ್ಚಿದೆ.

ಯಾಕೆ ಎಂದು ಕೇಳಿದರೆ ಹೇಳುತ್ತೇನೆ. ಪೈಪಿನ ಅಂಚಿನಲ್ಲಿ ಉಗುರಿನಷ್ಟು ಬಿಳಿ ಮಾತ್ರ ಉಳಿದಿತ್ತು. ಉಳಿದದ್ದೆಲ್ಲ ಕಂದು. ಅಂಥ ಬಣ್ಣವನ್ನು ನಾನು ಯಾವ ಮರದಲ್ಲೂ ಯಾವ ಪಾತ್ರೆಯಲ್ಲೂ ನೋಡಿಲ್ಲ. ಒಂದೂವರೆ ವರ್ಷ ಅವರ ಪಕ್ಕದಲ್ಲಿ ಕುಳಿತು ಅದು ಏರುವುದನ್ನು ಕಂಡವನು ನಾನು. ಮುದುಕನಿಗೆ ಇರುವುದು ಅದೊಂದು ಆಸೆ, ಮುಗಿಸಲಿ ಎಂದು ಮಗಳ ಹತ್ತಿರವೂ ನನ್ನ ಹತ್ತಿರವೂ ಹೇಳಿಕೊಂಡೆ. ಅದು ಅರ್ಧ ಸತ್ಯ. ನನಗೂ ಅದನ್ನು ನೋಡಬೇಕಿತ್ತು. ಇನ್ನೆಷ್ಟು, ಒಂದು ತಿಂಗಳು, ಎರಡು ತಿಂಗಳು... ಮುಗಿದ ದಿನವೇ ಬಿಡುತ್ತಾರಲ್ಲ ಅಂದುಕೊಂಡೆ.

ಎರಡೂವರೆ ತಿಂಗಳು ಹಿಡಿಯಿತು.

ಒಂದು ಭಾನುವಾರ ಸಂಜೆ ಗೋಡೆಯ ಆಚೆಯಿಂದ ಕರೆದರು. ಹೋದೆ. ಪೈಪನ್ನು ಮಲ್ ಬಟ್ಟೆಯ ಮೇಲೆ ಇಟ್ಟಿದ್ದರು. ಬಿಳಿ ಎಲ್ಲಿಯೂ ಇರಲಿಲ್ಲ. ಕಂದು ಅಂಚಿನ ಸುತ್ತಲೂ ಕೂಡಿಹೋಗಿತ್ತು. ಮಗಳು ಬಾಗಿಲಲ್ಲಿ ನಿಂತಿದ್ದಳು. ಅವರು ತಂಬಾಕಿನ ಡಬ್ಬಿಯನ್ನು ಮಗಳ ಕೈಗೆ ಕೊಟ್ಟು, "ತೆಗೆದುಕೊಂಡು ಹೋಗು, ತೆಂಗಿನ ಬುಡಕ್ಕೆ ಹಾಕು" ಎಂದರು. ಅವಳು ಹಾಕಿ ಬಂದಳು. ನಾವು ಮೂವರೂ ಚಹಾ ಕುಡಿದೆವು. ನಾನು ಸಂತೋಷವಾಗಿದ್ದೆ, ಅದನ್ನೂ ಹೇಳಿಬಿಡಬೇಕು.

ಮರುದಿನ ಸೋಮವಾರ ಡಾಕ್ಟರಿಗೆ ತೋರಿಸಿದರು. ಡಾಕ್ಟರು ಸ್ಪಿರಿಟಿನಿಂದ ಬಣ್ಣ ಒರೆಸಿ ನೋಡಿದರು. ದವಡೆಯ ಕೆಳಗೆ ಬೆರಳು ಹಾಕಿ ಒತ್ತಿದರು. ಅಲ್ಲಿ ಅಡಕೆಯಷ್ಟು ದೊಡ್ಡ ಒಂದು ಗಂಟು. ಅದನ್ನು ನಾನು ನೋಡಿರಲಿಲ್ಲ. "ಇದು ಎಷ್ಟು ಸಮಯದಿಂದ?" ಎಂದು ಕೇಳಿದರು. ಕೇಳಿದ್ದು ಸಾಹೇಬರನ್ನು, ನೋಡಿದ್ದು ನನ್ನನ್ನು.

ಸಾಹೇಬರು ಹೇಳಿದರು: "ಹದಿನೈದು ದಿನ ಆಗಿರಬಹುದು ಡಾಕ್ಟ್ರೆ. ಇವರಿಗೂ ತೋರಿಸಿರಲಿಲ್ಲ. ನಾನೇ ಮನೆಯಲ್ಲಿ ಎಂತದೋ ಬಣ್ಣ ಹಚ್ಚಿಕೊಂಡೆ."

ಡಾಕ್ಟರು ಆ ಬಣ್ಣ ಎಲ್ಲಿಂದ ಬಂತೆಂದು ಕೇಳಲಿಲ್ಲ. ಹದಿನೈದು ದಿನದ ಹುಣ್ಣು ಅಲ್ಲವೆಂದು ಅವರಿಗೆ ತಿಳಿಯದೆ ಇರಲಿಕ್ಕಿಲ್ಲ. ಮಣಿಪಾಲದ ಆಸ್ಪತ್ರೆಗೆ ಚೀಟಿ ಬರೆದು ಕೊಟ್ಟರು. ನಾನು ಮಾತಾಡಲಿಲ್ಲ. ಮಾತಾಡಬೇಕಾದ ಜಾಗ ಅದೊಂದೇ ಇತ್ತು.

ಮಣಿಪಾಲಕ್ಕೆ ಕರೆದುಕೊಂಡು ಹೋದದ್ದು ನಾನೇ. ಬಸ್ಸಿನಲ್ಲಿ ಕಿಟಿಕಿಯ ಬದಿಗೆ ಅವರು, ಪಕ್ಕದಲ್ಲಿ ನಾನು. ಉಡುಪಿಯಲ್ಲಿ ಬಸ್ಸು ಬದಲಿಸಿದೆವು. ಗುಡ್ಡ ಹತ್ತುವಾಗ ನಾನು, "ಸಾಹೇಬರೇ, ಡಾಕ್ಟರ ಹತ್ತಿರ ಯಾಕೆ ಹಾಗೆ ಹೇಳಿದಿರಿ?" ಎಂದು ಕೇಳಿದೆ. "ನಿಮ್ಮದು ಇನ್ನೂ ಕೆಲಸ ಮಾಡುವ ಪ್ರಾಯ. ನನ್ನದು ಎಂತ ಉಂಟು, ಪೈಪು ಮುಗಿಯಿತಲ್ಲ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಮಗಳಿಗೂ ಹದಿನೈದು ದಿನ ಅಂತಲೇ ಹೇಳಿ, ಮೊದಲಿನದ್ದು ಬರೀ ಸಿಪ್ಪೆ ಕಿತ್ತದ್ದು ಅಂತ" ಎಂದರು. ಆಯಿತು ಎಂದೆ.

ಅಲ್ಲಿ ಚೂರು ತೆಗೆದು ಪರೀಕ್ಷೆ ಮಾಡಿದರು. ಗಂಟು ಬರುವ ಮೊದಲು ಬಂದಿದ್ದರೆ ತುಟಿಯ ಒಂದು ತುಂಡು ತೆಗೆದರೆ ಸಾಕಾಗುತ್ತಿತ್ತು ಎಂದು ಅಲ್ಲಿನ ಡಾಕ್ಟರು ಹೇಳಿದರು. ಗದರಿಸಲಿಲ್ಲ, ಸುಮ್ಮನೆ ವಿಷಯ ಹೇಳಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತುಟಿ ಹೋಯಿತು, ದವಡೆಯ ಒಂದು ಬದಿ ಹೋಯಿತು. ಆಮೇಲೆ ಕರೆಂಟು, ಅಂದರೆ ಕ್ಯಾನ್ಸರಿನ ರೇಡಿಯೇಶನ್, ಕೊಟ್ಟರು. ಹನ್ನೊಂದು ತಿಂಗಳು ಇದ್ದರು. ಮಾತು ನಮಗೆ ಅರ್ಥವಾಗುತ್ತಿರಲಿಲ್ಲ. ಗಂಜಿಯ ನೀರು ಕುಡಿಸುವಾಗ ಮಗಳು ಟವೆಲು ಹಿಡಿದು ಕೂರಬೇಕಿತ್ತು. ನಾನು ದಿನಾ ಹೋಗಿ ಗಾಯ ತೊಳೆದು ಬರುತ್ತಿದ್ದೆ. ಅಷ್ಟು ಶ್ರದ್ಧೆಯಿಂದ ನಾನು ಬೇರೆ ಯಾರ ಗಾಯವನ್ನೂ ತೊಳೆದಿಲ್ಲ. ಊರವರು ಹೊಗಳಿದರು. ಪೈಪು ಗಾಜಿನ ಕಪಾಟಿನಲ್ಲಿತ್ತು. ಅವರು ಅದರ ಕಡೆ ನೋಡುತ್ತಿದ್ದರೋ ಇಲ್ಲವೋ... ನಾನಂತೂ ನೋಡುತ್ತಿರಲಿಲ್ಲ.

ತೀರಿಹೋದ ಎಂಟನೆಯ ದಿನವೋ ಒಂಬತ್ತನೆಯ ದಿನವೋ ಮಗಳು ದವಾಖಾನೆಯ ಮೆಟ್ಟಿಲ ಹತ್ತಿರ ಬಂದು ನಿಂತಳು. ಒಳಗೆ ಬರಲಿಲ್ಲ. "ಕಂಪೌಂಡರಣ್ಣ, ಒಂದು ಕೇಳ್ತೇನೆ. ನಾನು ಅವತ್ತು ಆ ಪೈಪನ್ನು ಕೆಂಡಕ್ಕೆ ಹಾಕದಿದ್ದರೆ ಬಾಪ ಅದನ್ನೇ ಮುಗಿಸಿ ತಂಬಾಕು ಬಿಡ್ತಿದ್ದರಲ್ಲ? ಮತ್ತೊಂದು ಪೈಪು ಸುರು ಮಾಡುವುದೇ ಇರಲಿಲ್ಲ. ಈ ಕಾಯಿಲೆ ಬರ್ತಿರಲಿಲ್ಲ ಅಲ್ವಾ?"

"ಹಾಗೆಲ್ಲ ಎಣಿಸಬಾರದು" ಎಂದೆ.

"ನೀವು ಹದಿನೈದು ದಿನದಲ್ಲೇ ಕಂಡುಹಿಡಿದು ಕರೆದುಕೊಂಡು ಹೋದಿರಿ. ಆದರೂ ಉಳಿಯಲಿಲ್ಲ. ಅಂದರೆ ಅದು ಮೊದಲೇ ಒಳಗೆ ಇತ್ತು. ನಾನು ಮಾಡಿದ್ದು."

ಆಗ ಹೇಳಬೇಕಿತ್ತು. ಹುಣ್ಣು ಏಳು ತಿಂಗಳಿನದ್ದು, ಕೊನೆಯ ಎರಡೂವರೆ ತಿಂಗಳು ಅದು ಏನೆಂದು ಗೊತ್ತಿದ್ದೂ ನಾನು ಬಣ್ಣ ಹಚ್ಚಿದೆ, ನಿನ್ನ ಕೆಂಡಕ್ಕೂ ಇದಕ್ಕೂ ಸಂಬಂಧ ಇಲ್ಲ ತಂಗಿ. ಇಷ್ಟೇ ಮಾತು. ಬಾಯಿ ಬರಲಿಲ್ಲ. ಡಾಕ್ಟರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ, ಊರಲ್ಲಿ ಮುಖ ತೋರಿಸಲಿಕ್ಕಿಲ್ಲ, ಸಾಹೇಬರೇ ಬೇಡ ಎಂದಿದ್ದರಲ್ಲ... ಹೀಗೆ ಒಂದರ ಹಿಂದೆ ಒಂದು ನೆಪ. "ದೇವರ ಇಚ್ಛೆ" ಎಂದೆ. ಅವಳು ತಲೆ ಅಲ್ಲಾಡಿಸಿ ಹೋದಳು.

ನಾನು ಎಂಬತ್ತರ ದಶಕದ ನಡುವೆ ಕಾಪು ಬಿಟ್ಟು ಕಾರ್ಕಳದಲ್ಲಿ ಸ್ವಂತ ಮೆಡಿಕಲ್ ಅಂಗಡಿ ಹಾಕಿದೆ. ಬಾಯಲ್ಲಿ ಹುಣ್ಣು ಎಂದು ಯಾರು ಬಂದರೂ ಮದ್ದು ಕೊಡುತ್ತಿರಲಿಲ್ಲ, ಮಣಿಪಾಲಕ್ಕೆ ಹೋಗಿ ಎನ್ನುತ್ತಿದ್ದೆ. "ಇವರ ಹತ್ತಿರ ಹಲ್ಲುನೋವು ಅಂತ ಹೇಳಿದರೂ ಮಣಿಪಾಲದ ಬಸ್ಸು ಹತ್ತಿಸ್ತಾರೆ ಮಾರಾಯ" ಎಂದು ಬಜಗೋಳಿಯವರೆಗೂ ನನ್ನ ಹೆಸರಾಯಿತು. ಅದರಿಂದ ಯಾರಿಗಾದರೂ ಉಪಕಾರ ಆಗಿರಬಹುದು. ನನಗೆ ಏನೂ ಅನ್ನಿಸಲಿಲ್ಲ. ಆ ವಿಷಯದಲ್ಲಿ ನನಗೆ ಏನೂ ಅನ್ನಿಸದೆ ಬಹಳ ವರ್ಷ ಆಯಿತು.

ವರ್ಷಕ್ಕೆ ಒಮ್ಮೆ, ಉಪವಾಸದ ತಿಂಗಳು ಮುಗಿದ ಹಬ್ಬದ ಮರುದಿನ, ಕಾಪುವಿಗೆ ಹೋಗುತ್ತಿದ್ದೆ. ಸಾಹೇಬರ ಮಗಳು ಚಹಾ ಮಾಡಿ ತರುತ್ತಿದ್ದರು. ಅವರಿಗೂ ಪ್ರಾಯವಾಗುತ್ತಾ ಬಂದಿತ್ತು, ನಾನು ಬಹುವಚನಕ್ಕೆ ಬಂದಿದ್ದೆ. ಒಲೆಯಲ್ಲಿ ಕೆಂಡ ಕಂಡರೆ ಈಗಲೂ ನೀರು ಹೊಯ್ದುಬಿಡುತ್ತೇನೆ ಎಂದು ಒಮ್ಮೆ ಹೇಳಿದರು. ಆಮೇಲೆ ಗ್ಯಾಸು ಬಂತು, ಒಳ್ಳೆಯದಾಯಿತು ಎಂದು ನಕ್ಕರು. ನಾನೂ ನಕ್ಕೆ.

ಕಳೆದ ವರ್ಷ ಅವರು ತೀರಿಕೊಂಡರು. ವಿಷಯ ತಿಳಿದು ಬೆಳ್ಮಣ್, ಪಡುಬಿದ್ರಿಯ ದಾರಿಯಾಗಿ ಬಸ್ಸಿನಲ್ಲಿ ಹೋದೆ. ಮಗ ರಜೆ ಹಾಕಿ ದುಬೈಯಿಂದ ಬಂದಿದ್ದ. ನನ್ನನ್ನು ಕೂರಿಸಿ, "ಉಮ್ಮ ನಿಮ್ಮನ್ನು ತುಂಬಾ ನೆನಪು ಮಾಡ್ತಿದ್ದರು ಅಂಕಲ್. ಕೊನೆಯ ದಿನಗಳಲ್ಲಿ ಒಂದೇ ಮಾತು. ನಾನು ಕೆಂಡಕ್ಕೆ ಹಾಕಿದ್ದರಿಂದ ಬಾಪ ಹೋದರು, ಕಂಪೌಂಡರಣ್ಣ ಎಷ್ಟು ಮಾಡಿದರೂ ಉಳಿಸಲಿಕ್ಕೆ ಆಗಲಿಲ್ಲ ಅಂತ. ಎಂತ ಕೆಂಡವೋ ನನಗೆ ಗೊತ್ತಿಲ್ಲ" ಎಂದ.

ನಾನು ಹೇಳಿದೆ. ಪೈಪು, ಹುಣ್ಣು, ಉಪವಾಸದ ತಿಂಗಳು, ಬಣ್ಣ, ಹದಿನೈದು ದಿನದ ಸುಳ್ಳು, ಎಲ್ಲ. ಎಲ್ಲವನ್ನೂ ಹೇಳಲಿಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ. ಅವನು ಮರ್ಯಾದೆಯಿಂದ ಕೇಳಿದ. ನಡುವೆ ಒಮ್ಮೆ ಫೋನು ಬಂತು, ಕಟ್ ಮಾಡಿದ. ನಾನು ಮುಗಿಸಿದ ಮೇಲೆ ನನ್ನ ಕೈ ಹಿಡಿದು, "ಇರಲಿ ಅಂಕಲ್, ಅದೆಲ್ಲ ಈಗ ಯಾಕೆ? ನಾನು ಹುಟ್ಟುವ ಮೊದಲಿನದ್ದು. ಅಜ್ಜನ ಆಯುಷ್ಯ ಅಷ್ಟೇ ಇದ್ದದ್ದು. ಊಟ ಮಾಡಿ ಹೋಗಿ" ಎಂದ.

ಎಷ್ಟು ಸುಲಭವಾಗಿ ಕ್ಷಮಿಸಿದ. ಅವನು ಹೊತ್ತದ್ದು ಏನೂ ಇರಲಿಲ್ಲ, ಇಳಿಸಲಿಕ್ಕೂ ಏನೂ ಇರಲಿಲ್ಲ. ಊಟದ ಬಟ್ಟಲು ಮುಂದಿಟ್ಟರು, ಊಟ ಮಾಡಿದೆ. ಆ ಮಾತು ಬೇಕಾಗಿದ್ದದ್ದು ಅವನ ತಾಯಿಗೆ. ನಲವತ್ತು ವರ್ಷ ಪ್ರತಿ ಹಬ್ಬದ ಮರುದಿನ, ಅವರು ನನ್ನ ಎದುರು ಚಹಾದ ಲೋಟ ಇಟ್ಟು, ಸಕ್ಕರೆ ಸಾಕಾ ಅಣ್ಣ ಎಂದು ಕೇಳಿ, ನಾನು ಏನಾದರೂ ಹೇಳುತ್ತೇನೋ ಎಂಬ ಹಾಗೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು. ಸಾಕು ಎನ್ನುತ್ತಿದ್ದೆ.